ಮುಪ್ಪಿನಲ್ಲಿ ಬಂದ ಅಂಗವೈಕಲ್ಯ: ಒಂದು ಅರ್ಜಿಯ ಹಿಂದಿನ ನೂರು ವರ್ಷ



"ವಯಸ್ಸಾಯಿತಲ್ಲ, ಇನ್ನು ಇದೆಲ್ಲ ಇದ್ದದ್ದೇ" ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕಿವಿ ಕೇಳಿಸದಾದರೆ ವಯಸ್ಸು, ಪಾರ್ಶ್ವವಾಯು ಬಡಿದು ಒಂದು ಕೈ ಬಿದ್ದುಹೋದರೂ ವಯಸ್ಸು, ಸಕ್ಕರೆ ಕಾಯಿಲೆಯಿಂದ ಪಾದವನ್ನೇ ತೆಗೆಸಬೇಕಾಗಿ ಬಂದರೂ ವಯಸ್ಸು. ಅಂಗವಿಕಲರೆಂದರೆ ಹುಟ್ಟಿನಿಂದಲೋ ಬಾಲ್ಯದಲ್ಲೋ ಆ ಕಷ್ಟಕ್ಕೆ ಸಿಕ್ಕಿದವರು ಎಂದೇ ನಾವು ತಿಳಿದಿದ್ದೇವೆ. ಆದರೆ ಕಾನೂನು ಹಾಗೆ ಎಲ್ಲಿಯೂ ಹೇಳಿಲ್ಲ. 2011ರ ಜನಗಣತಿ ಎಣಿಸಿದ 2.68 ಕೋಟಿ ಅಂಗವಿಕಲರಲ್ಲಿ ಶೇ. 21ರಷ್ಟು ಮಂದಿ 60 ದಾಟಿದವರು. ಹೀಗಿದ್ದೂ ಅರ್ಜಿ ಹಾಕುವ ಮಾತು ಬಂದಾಗ ನಮ್ಮ ಹಿರಿಯರು ಹಿಂಜರಿಯುತ್ತಾರೆ. ಈ ಹಿಂಜರಿಕೆಗೂ, ಅರ್ಜಿಯ ದಾರಿಯಲ್ಲಿ ಎದುರಾಗುವ ತೊಡಕುಗಳಿಗೂ ಒಂದು ಚರಿತ್ರೆ ಇದೆ.

ಆ ಚರಿತ್ರೆ ಕಾರ್ಖಾನೆಯಿಂದ ಆರಂಭವಾಗುತ್ತದೆ. 1923ರಲ್ಲಿ ಬ್ರಿಟಿಷ್ ಸರಕಾರ ಕಾರ್ಮಿಕರ ಪರಿಹಾರ ಕಾಯಿದೆಯನ್ನು ತಂದಿತು. ಕೆಲಸದಲ್ಲಿದ್ದಾಗ ಕೈಯೋ ಕಾಲೋ ಹೋದರೆ ಮಾಲಿಕ ಪರಿಹಾರ ಕೊಡಬೇಕು ಎಂಬುದು ಅದರ ಸಾರ. ಸ್ವಾತಂತ್ರ್ಯದ ನಂತರ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವೆಲ್ಲ ಇಎಸ್‌ಐ ಎಂದು ಕರೆಯುವ ವ್ಯವಸ್ಥೆ ಬಂತು. 1952ರಲ್ಲಿ ಕಾನ್ಪುರ ಮತ್ತು ದಿಲ್ಲಿಯಲ್ಲಿ ಶುರುವಾದ ಅದು 1954ರಲ್ಲಿ ಮುಂಬಯಿಗೆ ಕಾಲಿಟ್ಟಿತು. ಕೆಲಸದ ವೇಳೆಯ ಅಪಘಾತದಿಂದ ಶಾಶ್ವತ ವೈಕಲ್ಯ ಬಂದವರಿಗೆ ಬದುಕಿರುವವರೆಗೂ ತಿಂಗಳು ತಿಂಗಳು ಹಣ ಕೊಡುವ ಏರ್ಪಾಡು ಅದರಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಎರಡೂ ಹಳೆಯ ಕಾಯಿದೆಗಳನ್ನು ತನ್ನೊಳಗೆ ಸೇರಿಸಿಕೊಂಡಿತು.

ಥಾಣೆಯ ವಾಗ್ಳೆ ಎಸ್ಟೇಟ್, ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು, ಡೊಂಬಿವಲಿಯ ಎಂಐಡಿಸಿ, ಶಹಾಡದ ಸೆಂಚುರಿ ರೇಯಾನ್ ಇವುಗಳಲ್ಲಿ ದುಡಿದವರಿಗೆ ಇಎಸ್‌ಐ ಕಾರ್ಡಿನ ಬೆಲೆ ಗೊತ್ತು. ಆದರೆ ಕರಾವಳಿಯಿಂದ ಬಂದ ನಮ್ಮವರಲ್ಲಿ ಬಹಳಷ್ಟು ಮಂದಿ ಸಣ್ಣ ಹೋಟೆಲು, ಕ್ಯಾಂಟೀನುಗಳಲ್ಲಿ ಬೆಳೆದವರು. ಐದಾರು ಜನ ದುಡಿಯುವ ಹೋಟೆಲಿಗೆ ವಿಮೆಯೂ ಇಲ್ಲ, ಭವಿಷ್ಯನಿಧಿಯೂ ಇಲ್ಲ. ಕಾರ್ಖಾನೆಯ ಹೊರಗೆ ದುಡಿದವನ ಕೈ ಬಿದ್ದುಹೋದರೆ ಅವನನ್ನು ಕೇಳುವವರು ಯಾರು? ಈ ಪ್ರಶ್ನೆಗೆ ಸರಕಾರ ಬಹುಕಾಲ ಉತ್ತರ ಕೊಡಲಿಲ್ಲ.

ಮಹಾರಾಷ್ಟ್ರದಲ್ಲಿ ಮೊದಲ ಉತ್ತರ ಬಂದದ್ದು 1980ರಲ್ಲಿ. ಎ. ಆರ್. ಅಂತುಳೆ ಮುಖ್ಯಮಂತ್ರಿಯಾಗಿದ್ದಾಗ ಸಂಜಯ್ ಗಾಂಧಿ ನಿರಾಧಾರ ಅನುದಾನ ಯೋಜನೆ ಆರಂಭವಾಯಿತು. 'ನಿರಾಧಾರ' ಎಂಬ ಆ ಒಂದು ಶಬ್ದವನ್ನು ಗಮನಿಸಬೇಕು. ಇಲ್ಲಿ ಹಣ ಸಿಗುವುದು ದುಡಿದದ್ದಕ್ಕಲ್ಲ, ಆಸರೆ ಇಲ್ಲದ್ದಕ್ಕೆ. ಮಕ್ಕಳಿದ್ದೂ ನಿರಾಧಾರ ಎಂದು ಬರೆದುಕೊಡುವುದು ಮಾನ ಮರ್ಯಾದೆಯ ಪ್ರಶ್ನೆಯೆಂದು ನಮ್ಮ ಎಷ್ಟೋ ಹಿರಿಯರು ಆ ಕಡೆ ತಿರುಗಿಯೂ ನೋಡಲಿಲ್ಲ.

ಈ ನೋಟ ಬದಲಾಗಲು ಇನ್ನೂ 15 ವರ್ಷ ಬೇಕಾಯಿತು. 1995ರಲ್ಲಿ ಸಂಸತ್ತು ಅಂಗವಿಕಲರ ಸಮಾನ ಅವಕಾಶ, ಹಕ್ಕುಗಳ ರಕ್ಷಣೆ ಮತ್ತು ಪೂರ್ಣ ಸಹಭಾಗಿತ್ವದ ಕಾಯಿದೆಯನ್ನು ಅಂಗೀಕರಿಸಿತು. 1996ರ ಫೆಬ್ರವರಿ 7ರಂದು ಅದು ಜಾರಿಗೆ ಬಂತು. ಏಳು ಬಗೆಯ ವೈಕಲ್ಯಗಳನ್ನು ಅದು ಹೆಸರಿಸಿತು, ಶೇ. 40 ಎಂಬ ಅಳತೆಗೋಲನ್ನು ಕೊಟ್ಟಿತು. ಅದರ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಏಳು ಇದ್ದದ್ದು 21 ಆಯಿತು. ಮುಪ್ಪಿನಲ್ಲಿ ಹೆಚ್ಚಾಗಿ ಕಾಡುವ ಪಾರ್ಕಿನ್‌ಸನ್ ಕಾಯಿಲೆ ಆ ಪಟ್ಟಿಗೆ ಸೇರಿದ್ದು ಆಗಲೇ. ಎಷ್ಟನೇ ವಯಸ್ಸಿನಲ್ಲಿ ವೈಕಲ್ಯ ಬಂತು ಎಂದು ಎರಡೂ ಕಾಯಿದೆಗಳು ಕೇಳಲಿಲ್ಲ. ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂಬುದಷ್ಟೇ ವೈದ್ಯರು ಅಳೆಯಬೇಕಾದದ್ದು. ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಕಣ್ಣಿನ ಪೊರೆ ಇದರಲ್ಲಿ ಬರುವುದಿಲ್ಲ. ಮತ್ತೆ ಬಾರದಂತೆ ಹೋದ ದೃಷ್ಟಿ ಬರುತ್ತದೆ.

ಇಲ್ಲಿಂದ ಮುಂದೆ ಚರಿತ್ರೆ ಎರಡು ಕವಲಾಗುತ್ತದೆ. ನಮ್ಮ ಜನ ತೊಡಕಿಗೆ ಸಿಕ್ಕುವುದು ಇಲ್ಲಿಯೇ. ಒಂದು ಕವಲು ಪ್ರಮಾಣಪತ್ರದ್ದು, ಇನ್ನೊಂದು ಪಿಂಚಣಿಯದ್ದು.

ಪ್ರಮಾಣಪತ್ರ ಕೇಂದ್ರದ ಕಾನೂನಿನದು. ದೇಶದ ಯಾವ ಮೂಲೆಯಲ್ಲಿ ಪಡೆದರೂ ಎಲ್ಲೆಡೆ ನಡೆಯುತ್ತದೆ. ಉಡುಪಿಯಲ್ಲಿ ಮಾಡಿಸಿದ್ದು ಕಲ್ಯಾಣದಲ್ಲಿ ಸಲ್ಲುತ್ತದೆ, ಕಲ್ಯಾಣದ್ದು ಕಲಬುರಗಿಯಲ್ಲಿ ಸಲ್ಲುತ್ತದೆ. 2021ರ ಜೂನ್ 1ರಿಂದ ಇದನ್ನು ಯುಡಿಐಡಿ ಎಂಬ ಜಾಲತಾಣದ ಮೂಲಕವೇ ಕೊಡಬೇಕೆಂದು ಕೇಂದ್ರ ಕಡ್ಡಾಯ ಮಾಡಿತು. ಅರ್ಜಿ ಅಲ್ಲಿ ಹಾಕಿದರೂ ತಪಾಸಣೆಗೆ ಸರಕಾರಿ ಆಸ್ಪತ್ರೆಗೇ ಹೋಗಬೇಕು. ವಾಸದ ದಾಖಲೆ ಇರುವ ಜಿಲ್ಲೆಯಲ್ಲಿ ಮಾತ್ರವಲ್ಲ, ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆಯಲ್ಲೂ ಅರ್ಜಿ ಸಲ್ಲಿಸಲು 2017ರ ನಿಯಮಾವಳಿ ಅವಕಾಶ ಕೊಟ್ಟಿತು. ಆಧಾರ್ ಕಾರ್ಡಿನಲ್ಲಿ ಇನ್ನೂ ಊರಿನ ವಿಳಾಸವೇ ಇರುವ ಹಿರಿಯರಿಗೆ ಇದು ದೊಡ್ಡ ಅನುಕೂಲ. ಕೊಟ್ಟ ಶೇಕಡಾವಾರು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಕಾಯಿದೆಯಲ್ಲೇ ಇದೆ.

ಪಿಂಚಣಿಯ ಕಥೆ ಬೇರೆ. ಅದು ಮುಖ್ಯವಾಗಿ ರಾಜ್ಯದ ಕೈಯಲ್ಲಿದೆ, ರಾಜ್ಯದ ಗಡಿ ದಾಟುವುದಿಲ್ಲ. 2009ರಲ್ಲಿ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಇದೆಯಾದರೂ ಅದಕ್ಕೆ ಶೇ. 80ರಷ್ಟು ವೈಕಲ್ಯ ಬೇಕು, ಕುಟುಂಬ ಬಡತನ ರೇಖೆಯ ಕೆಳಗಿರಬೇಕು. ಕೇಂದ್ರದ ಪಾಲು 2012ರಿಂದ ತಿಂಗಳಿಗೆ 300 ರೂಪಾಯಿ. ಸಂಜಯ್ ಗಾಂಧಿ ಯೋಜನೆಗೆ ಶೇ. 40 ಸಾಕು. ಆದರೆ ಅರ್ಜಿದಾರರು ಮಹಾರಾಷ್ಟ್ರದಲ್ಲಿ ಕನಿಷ್ಠ 15 ವರ್ಷ ವಾಸವಾಗಿರಬೇಕು. ಅಂಗವಿಕಲರಿದ್ದಲ್ಲಿ ಕುಟುಂಬದ ವರ್ಷದ ಆದಾಯ 50,000 ರೂಪಾಯಿ ಮೀರಬಾರದು.

15 ವರ್ಷವೇನು, 50 ವರ್ಷ ಇದ್ದೇವೆ ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆದರೆ ಇದ್ದದ್ದಕ್ಕೆ ಕಾಗದ ಎಲ್ಲಿದೆ? ಹೋಟೆಲಿನ ಅಟ್ಟದಲ್ಲಿ ಮಲಗಿ ದಿನ ಕಳೆದವರಿಗೆ ಬಾಡಿಗೆ ಕರಾರು ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಊರಲ್ಲೇ ಉಳಿಯಿತು. ಮುಂಬಯಿಯಲ್ಲಿ ಮನೆ ಕೈಗೆಟುಕದೆ ಡೊಂಬಿವಲಿ, ಕಲ್ಯಾಣಕ್ಕೆ ಸಾಗಿದವರು, ಸಿಡ್ಕೋ 1970ರಿಂದ ಕಟ್ಟುತ್ತ ಬಂದ ನವಿಮುಂಬಯಿಗೆ ಹೋದವರು ಮನೆ ಬದಲಿಸಿದಂತೆ ದಾಖಲೆಗಳನ್ನೂ ಅಲ್ಲಲ್ಲೇ ಬಿಟ್ಟರು. ಊರಿಗೆ ಹೋದರೆ ಅಲ್ಲಿ ವಾಸವಿಲ್ಲ, ಇಲ್ಲಿ ಇದ್ದರೆ ಪುರಾವೆ ಇಲ್ಲ. ಎರಡು ರಾಜ್ಯಗಳಿಗೂ ದುಡಿದವರು ಎರಡು ಕಚೇರಿಗಳ ನಡುವೆ ಉಳಿದರು. ಮಕ್ಕಳ ಶಾಲೆಯ ದಾಖಲೆ, ಹಳೆಯ ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯ ಹೆಸರು, ಬ್ಯಾಂಕಿನ ಹಳೆಯ ಪಾಸ್‌ಬುಕ್ ಇವೇ ಈಗ ಅಂಥವರ ಬದುಕಿನ ಚರಿತ್ರೆಗೆ ಸಾಕ್ಷಿ. ಹಳೆಯ ಕಾಗದವೆಂದು ರದ್ದಿಗೆ ಹಾಕುವ ಮುನ್ನ ಒಮ್ಮೆ ನೋಡಿ.

ಇನ್ನೊಂದು ಗಡಿ ವಯಸ್ಸಿನದು. ಸಂಜಯ್ ಗಾಂಧಿ ಯೋಜನೆ 65 ವರ್ಷದ ಒಳಗಿನವರಿಗೆ. 65 ತುಂಬಿದವರಿಗೆ ಶ್ರಾವಣಬಾಳ ಸೇವಾ ರಾಜ್ಯ ನಿವೃತ್ತಿವೇತನ ಯೋಜನೆ. ಇದನ್ನು ಕೇಳಿ "65 ಆದ ಮೇಲೆ ಅಂಗವೈಕಲ್ಯದ ಪ್ರಮಾಣಪತ್ರ ಯಾಕೆ? ವೃದ್ಧಾಪ್ಯ ವೇತನ ಸಾಕಲ್ಲ" ಎನ್ನುವವರಿದ್ದಾರೆ. ಬಹುಕಾಲ ಎರಡರ ಮೊತ್ತವೂ ಒಂದೇ ಆಗಿದ್ದರಿಂದ ಆ ಮಾತಿನಲ್ಲಿ ಹುರುಳಿತ್ತು. 600 ರೂಪಾಯಿ ಇದ್ದದ್ದು 2019ರಲ್ಲಿ 1,000 ಆಯಿತು, 2023ರ ಜುಲೈಯಲ್ಲಿ 1,500 ಆಯಿತು. ಆದರೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಎರಡೂ ಯೋಜನೆಗಳಲ್ಲಿರುವ ಅಂಗವಿಕಲ ಫಲಾನುಭವಿಗಳಿಗೆ ತಿಂಗಳಿಗೆ 1,000 ಹೆಚ್ಚಿಸಿ 2,500 ರೂಪಾಯಿ ಎಂದು ತೀರ್ಮಾನಿಸಿತು. ಅಂದರೆ 70 ವಯಸ್ಸಿನವರ ಕೈಯಲ್ಲೂ ಆ ಪ್ರಮಾಣಪತ್ರಕ್ಕೆ ಈಗ ಬೆಲೆ ಇದೆ. ವರ್ಷಕ್ಕೆ 12,000 ರೂಪಾಯಿ ಎಂದರೆ ಔಷಧಿಯ ಖರ್ಚಿಗೆ ಒಂದು ಆಸರೆ.

ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಈ ಎರಡೂ ಯೋಜನೆಗಳಿಗೆ ಹೋಗಬೇಕಾದದ್ದು ತಹಶೀಲ್ದಾರರ ಕಚೇರಿಗೆ. ಥಾಣೆ, ಕಲ್ಯಾಣ ಎರಡೂ ಕಡೆ ಅದಿದೆ. ಅಲ್ಲಿ ಈಗ ಕೇಳುವ ಶಬ್ದ ಹಳೆಯ ಮರಾಠಿಯ 'ಅಪಂಗ' ಅಲ್ಲ, 'ದಿವ್ಯಾಂಗ'. 2022ರ ಡಿಸೆಂಬರ್ 3ರಂದು ಮಹಾರಾಷ್ಟ್ರ ದಿವ್ಯಾಂಗರಿಗಾಗಿಯೇ ಪ್ರತ್ಯೇಕ ಇಲಾಖೆಯನ್ನು ಘೋಷಿಸಿತು. ಮಹಾನಗರಪಾಲಿಕೆಗಳೂ ಅಂಗವಿಕಲರ ಕಲ್ಯಾಣಕ್ಕೆ ಹಣ ತೆಗೆದಿಡಬೇಕು. ಆದ್ದರಿಂದ ತಮ್ಮ ಪಾಲಿಕೆಯಲ್ಲೂ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಕೈ ಮುರಿದ ಕಾರ್ಮಿಕನಿಗೆ ಪರಿಹಾರ, ಆಸರೆ ಇಲ್ಲದವನಿಗೆ ಅನುದಾನ, ನಾಗರಿಕನಿಗೆ ಹಕ್ಕು: ನೂರು ವರ್ಷಗಳಲ್ಲಿ ಕಾನೂನು ಇಷ್ಟು ದೂರ ಬಂದಿದೆ. ನಮ್ಮ ಮನಸ್ಸು ಮಾತ್ರ ಇನ್ನೂ 1980ರ 'ನಿರಾಧಾರ' ಶಬ್ದದ ಬಳಿಯೇ ನಿಂತಿದೆ. ನೆರೆಮನೆಯ ಹಿರಿಯರಿಗೆ ಮರಾಠಿ ಫಾರ್ಮ್ ಓದಿ ಹೇಳುವ ಒಬ್ಬ ಹುಡುಗ, ಆಸ್ಪತ್ರೆಯ ಸಾಲಿನಲ್ಲಿ ಜತೆಗೆ ನಿಲ್ಲುವ ಒಬ್ಬ ಸೊಸೆ ಇದ್ದರೆ ಆ ಹಿಂಜರಿಕೆ ಕಡಿಮೆಯಾದೀತು. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಹಿರಿಯರನ್ನು ಸನ್ಮಾನಿಸುತ್ತವೆ. ಶಾಲು ಹೊದಿಸುವ ಅದೇ ದಿನ ಸಭಾಂಗಣದ ಒಂದು ಮೂಲೆಯಲ್ಲಿ ಮೇಜು ಹಾಕಿ ಈ ಅರ್ಜಿಗಳನ್ನೂ ತುಂಬಿಸಿಕೊಟ್ಟರೆ ಆ ಸನ್ಮಾನಕ್ಕೆ ಇನ್ನಷ್ಟು ಅರ್ಥ ಬರುತ್ತದೆ.