ಕೂಲಿಯೋ ದಾಯವೋ: ನಿತ್ಯಜೀವದ ಪ್ರಶ್ನೆಯ ಚರಿತ್ರೆ

ಕ್ರೈಸ್ತಮತದ ಚರಿತ್ರೆಯನ್ನು ಓದತೊಡಗಿದವರಿಗೆ ಸಭೆಗಳ ಒಡಕು, ಬಹಿಷ್ಕಾರ, ಖಂಡನಗ್ರಂಥಗಳು, ಯುದ್ಧಗಳು ಇವೇ ಮೊದಲು ಕಣ್ಣಿಗೆ ಬೀಳುತ್ತವೆ. ಇಷ್ಟು ಕೋಲಾಹಲಕ್ಕೆ ಮೂಲವೇನೆಂದು ಹುಡುಕುತ್ತ ಹೋದರೆ ನಾವು ಹಲವು ಸಲ ಬಂದು ನಿಲ್ಲುವುದು ಬಹು ಸರಳವಾದ ಒಂದು ಪ್ರಶ್ನೆಯ ಬಳಿ. ಯೇಸುವು ದಾರಿಹಿಡಿದು ಹೋಗುತ್ತಿದ್ದಾಗ ಧನಿಕನೊಬ್ಬನು ಓಡಿಬಂದು ಮೊಣಕಾಲೂರಿ, ನಿತ್ಯಜೀವವು ತನ್ನ ಪಾಲಿಗೆ ಬರಬೇಕಾದರೆ ತಾನು ಮಾಡಬೇಕಾದುದೇನೆಂದು ಕೇಳಿದನೆಂದು ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಹೇಳಿದೆ. ಮೂಲವಾದ ಗ್ರೀಕಿನಲ್ಲಿ ಈ ಪ್ರಶ್ನೆಯು ಎರಡು ಕ್ರಿಯಾಪದಗಳ ಮೇಲೆ ನಿಂತಿದೆ. ಒಂದು, ‘ಮಾಡು’ ಎಂಬುದು. ಇನ್ನೊಂದು, ತಂದೆಯ ಸ್ವತ್ತು ಮಗನಿಗೆ ಬರುವಾಗ ಬಳಸುವ ಮಾತು. ಎಂದರೆ ದಾಯಕ್ಕೆ ಬಾಧ್ಯನಾಗುವುದು. ಲೂಕನ ಸುವಾರ್ತೆಯಲ್ಲಿಯೂ ಹೀಗೆಯೇ ಇದೆ. ಮತ್ತಾಯನು ಮಾತ್ರ ಎರಡನೆಯದರ ಸ್ಥಾನದಲ್ಲಿ ‘ಹೊಂದು’ ಎಂಬ ಸಾಮಾನ್ಯಪದವನ್ನು ಬಳಸಿದ್ದಾನೆ.

ಈ ಎರಡು ಮಾತುಗಳು ಒಂದರೊಡನೊಂದು ಸುಲಭವಾಗಿ ಹೊಂದುವಂಥವಲ್ಲ. ಕೆಲಸ ಮಾಡಿದವನಿಗೆ ಸಲ್ಲುವುದು ಕೂಲಿ. ಮಗನಾದವನಿಗೆ ಸಲ್ಲುವುದು ದಾಯ. ಕೂಲಿಯನ್ನು ಲೆಕ್ಕಹಾಕಿ ಕೇಳಬಹುದು, ಕಡಮೆಯಾದರೆ ಜಗಳವಾಡಬಹುದು. ದಾಯವಾದರೋ ದುಡಿದು ಸಂಪಾದಿಸಿದುದಲ್ಲ. ಹುಟ್ಟಿನಿಂದಲೋ, ದತ್ತು ತೆಗೆದುಕೊಂಡವರ ಪ್ರೀತಿಯಿಂದಲೋ ಬಂದುದು. ಹಾಗಾದರೆ ನಿತ್ಯಜೀವವು ಕೂಲಿಯೋ ದಾಯವೋ? ಕ್ರೈಸ್ತಸಭೆಯು ಸುಮಾರು ಎರಡು ಸಾವಿರ ವರ್ಷಗಳ ಕಾಲ ಈ ಎರಡು ಮಾತುಗಳ ನಡುವೆ ತೂಗಾಡಿದೆ. ಆ ಕಥೆಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಿತ್ಯಜೀವವೆಂದರೇನೆಂಬುದನ್ನು ಹೇಳಬೇಕು. ಅದು ಮುಗಿಯದೆ ಬೆಳೆಯುವ ಆಯುಷ್ಯವೆಂದಷ್ಟೇ ತಿಳಿಯಬಾರದು. ದೇವರನ್ನೂ ಆತನು ಕಳುಹಿಸಿದ ಯೇಸುವನ್ನೂ ಅರಿಯುವುದೇ ನಿತ್ಯಜೀವವೆಂದು ಯೋಹಾನನ ಸುವಾರ್ತೆಯ ಅಭಿಪ್ರಾಯ. ಆದುದರಿಂದ ಅದು ಮರಣಾನಂತರ ಆರಂಭವಾಗತಕ್ಕುದಲ್ಲ. ಇಹದಲ್ಲಿಯೇ ಮೊದಲಾಗಿ ಪುನರುತ್ಥಾನದಲ್ಲಿ ಪೂರ್ಣವಾಗತಕ್ಕುದು.

ಇನ್ನು ಧನಿಕನಿಗೆ ದೊರೆತ ಉತ್ತರವನ್ನು ನೋಡೋಣ. ಯೇಸುವು ಮೊದಲು ಆತನಿಗೆ ಧರ್ಮಶಾಸ್ತ್ರದ ಆಜ್ಞೆಗಳನ್ನು ನೆನಪಿಗೆ ತಂದನು. ಅವನ್ನೆಲ್ಲ ಚಿಕ್ಕಂದಿನಿಂದಲೂ ನಡೆಸಿರುವೆನೆಂದು ಆತನು ಹೇಳಲು, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸೆಂದನು. ಆತನು ಮುಖ ಬಾಡಿಸಿಕೊಂಡು ಹೊರಟುಹೋದನು. ಇದನ್ನು ಕಂಡು ಬೆರಗಾದ ಶಿಷ್ಯರು, ಹಾಗಾದರೆ ರಕ್ಷಣೆ ಯಾರಿಗೆ ಸಾಧ್ಯವೆಂದು ಕೇಳಲು, ಮನುಷ್ಯರಿಗೆ ಅಸಾಧ್ಯವಾದುದು ದೇವರಿಗೆ ಸಾಧ್ಯವೆಂಬ ಉತ್ತರ ಬಂದಿತು. ಹೀಗೆ ಒಂದೇ ಪ್ರಸಂಗದಲ್ಲಿ ಅತ್ಯಂತ ಕಠಿನವಾದ ವಿಧಿಯೂ, ವಿಧಿಯನ್ನು ನಡೆಸಿ ಗಳಿಸುವುದು ಮನುಷ್ಯನಿಗೆ ಸಾಧ್ಯವಲ್ಲವೆಂಬ ಮಾತೂ ಕೂಡಿವೆ. ಮತ್ತಾಯನಲ್ಲಿ ಈ ಪ್ರಸಂಗದ ಬೆನ್ನಿಗೇ ದ್ರಾಕ್ಷೆಯ ತೋಟದ ಕೂಲಿಯಾಳುಗಳ ಸಾಮತಿ ಬರುತ್ತದೆ. ಬೆಳಗಿನಿಂದ ಬಿಸಿಲಿನಲ್ಲಿ ದುಡಿದವನಿಗೂ ಸಂಜೆ ಒಂದು ಗಳಿಗೆ ದುಡಿದವನಿಗೂ ಯಜಮಾನನು ಒಂದೇ ಕೂಲಿಯನ್ನು ಕೊಡುತ್ತಾನೆ. ಹೆಸರು ಕೂಲಿಯೆಂದಿದ್ದರೂ ಅದು ಲೆಕ್ಕಕ್ಕೆ ಸಿಕ್ಕುವ ಕೂಲಿಯಲ್ಲ.

ಅಪೊಸ್ತಲನಾದ ಪೌಲನು ರೋಮಿನವರಿಗೆ ಬರೆದ ಪತ್ರಿಕೆಯಲ್ಲಿ ಈ ಭೇದವನ್ನು ಬಿಡಿಸಿಯೇ ಹೇಳಿದನು. ಪಾಪಕ್ಕೆ ಸಲ್ಲುವ ಸಂಬಳ ಮರಣ. ನಿತ್ಯಜೀವವಾದರೋ ದೇವರ ಉಚಿತವಾದ ವರ. ನಂಬಿದವರು ಆಳುಗಳಲ್ಲ, ದತ್ತುಮಕ್ಕಳು, ಬಾಧ್ಯರು ಎಂಬುದು ಆತನ ಬೋಧನೆಯ ಸಾರ. ಆದರೆ ಅದೇ ಹೊಸ ಒಡಂಬಡಿಕೆಯಲ್ಲಿ ಸೇರಿರುವ ಯಾಕೋಬನ ಪತ್ರಿಕೆಯು, ಕ್ರಿಯೆಯಿಲ್ಲದ ನಂಬಿಕೆಯು ಸತ್ತುದೆಂದು ಸಾರುತ್ತದೆ. ಮುಂದೆ ಬಂದ ಪ್ರತಿಯೊಂದು ಪಕ್ಷಕ್ಕೂ ಆಧಾರವಾಗುವ ವಾಕ್ಯವು ಶಾಸ್ತ್ರದಲ್ಲಿ ದೊರೆಯಿತು.

ಧನಿಕನು ಕೇಳಿ ಬಿಟ್ಟುಹೋದ ಮಾತನ್ನು ಅಕ್ಷರಶಃ ನಡೆಸಿದವರೂ ಉಂಟು. ಕ್ರಿ. ಶ. 270 ರ ಸುಮಾರಿನಲ್ಲಿ ಐಗುಪ್ತದೇಶದ ಆಂಟನಿಯೆಂಬ ತರುಣನು ದೇವಾಲಯದಲ್ಲಿ ಈ ಭಾಗವನ್ನು ಓದುತ್ತಿದ್ದಾಗ ಕೇಳಿ, ಹಿರಿಯರಿಂದ ಬಂದಿದ್ದ ಫಲವತ್ತಾದ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟು ಅರಣ್ಯವಾಸವನ್ನು ಹಿಡಿದನೆಂದು ಆತನ ಚರಿತ್ರೆಯನ್ನು ಬರೆದ ಅಥನಾಸಿಯನು ಹೇಳುತ್ತಾನೆ. ಕ್ರೈಸ್ತ ಸಂನ್ಯಾಸಕ್ಕೆ ಆತನೇ ಆದರ್ಶನಾದನು. ಲೋಕದ ದಾಯವನ್ನು ಬಿಟ್ಟು ಪರಲೋಕದ ದಾಯವನ್ನು ಹಿಡಿಯುವ ಈ ಮಾರ್ಗದಲ್ಲಿ ತ್ಯಾಗವು ಎಷ್ಟು ದೊಡ್ಡದೋ ಅಪಾಯವೂ ಅಷ್ಟೇ ದೊಡ್ಡದು. ಏಕೆಂದರೆ ಬಿಟ್ಟುದಕ್ಕೆ ಬೆಲೆಕಟ್ಟಿ ದೇವರ ಮುಂದೆ ಲೆಕ್ಕವೊಪ್ಪಿಸುವ ಮನಸ್ಸು ತ್ಯಾಗಿಗೂ ಬರಬಹುದು.

ಐದನೆಯ ಶತಮಾನದ ಮೊದಲಲ್ಲಿ ಈ ಪ್ರಶ್ನೆಯು ಮೊದಲ ಸಲ ವಾದರೂಪವನ್ನು ತಾಳಿತು. ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲಾಗಿಯನೆಂಬ ತಪಸ್ವಿಯು ಅಲ್ಲಿನ ಕ್ರೈಸ್ತರ ಸಡಿಲವಾದ ನಡತೆಯನ್ನು ಕಂಡು ನೊಂದನು. ಮನುಷ್ಯಸ್ವಭಾವವು ದುರ್ಬಲವೆಂಬ ನೆಪವು ಸೋಮಾರಿಗಳ ಆಶ್ರಯವೆಂದೂ, ದೇವರು ಆಗದುದನ್ನು ಆಜ್ಞಾಪಿಸುವವನಲ್ಲವೆಂದೂ, ಮನಸ್ಸುಮಾಡಿದರೆ ಪಾಪವನ್ನು ಬಿಡಬಹುದೆಂದೂ ಆತನು ಬೋಧಿಸಿದನು. 413 ರಲ್ಲಿ ದೆಮೆತ್ರಿಯಾಸಳೆಂಬ ಕುಲೀನಕನ್ಯೆಯು ಬ್ರಹ್ಮಚರ್ಯವ್ರತವನ್ನು ಹಿಡಿದಾಗ ಆಕೆಗೆ ಆತನು ಬರೆದ ಪತ್ರವು ಇಂದಿಗೂ ಉಳಿದಿದೆ. ಆತನ ಉದ್ದೇಶವು ಜನರನ್ನು ನೀತಿಗೆ ಎಬ್ಬಿಸುವುದಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಇದಕ್ಕೆ ಎದುರಾಗಿ ನಿಂತವನು ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪನಾದ ಆಗಸ್ಟಿನನು. ಯೌವನದಲ್ಲಿ ದುರಭ್ಯಾಸಗಳಿಗೆ ಸಿಕ್ಕಿ, ಬಿಡಬೇಕೆಂದು ಬಯಸಿಯೂ ಬಿಡಲಾರದೆ ತೊಳಲಿದ ಅನುಭವವು ಆತನಿಗಿತ್ತು. ರೋಗಿಗೆ ‘ಎದ್ದು ನಡೆ’ ಎಂದು ಬುದ್ಧಿಹೇಳಿದರೆ ಸಾಲದು, ವೈದ್ಯನು ಬೇಕು. ಒಳ್ಳೆಯದನ್ನು ಬಯಸುವ ಮೊದಲ ಬಯಕೆಯೂ ಕೃಪೆಯಿಂದಲೇ ಹುಟ್ಟುತ್ತದೆ. ದೇವರು ಭಕ್ತನ ಪುಣ್ಯಕ್ಕೆ ಬಹುಮಾನವಿತ್ತರೆ ತಾನೇ ಕೊಟ್ಟ ವರಗಳಿಗೆ ಕಿರೀಟವಿಟ್ಟಂತೆ ಎಂಬುದು ಆತನ ಮತ. 418 ರಲ್ಲಿ ಕಾರ್ಥೇಜಿನಲ್ಲಿಯೂ 431 ರಲ್ಲಿ ಎಫೆಸದಲ್ಲಿಯೂ ಕೂಡಿದ ಸಭೆಗಳು ಪೆಲಾಗಿಯನ ಪಕ್ಷವನ್ನು ಖಂಡಿಸಿದುವು. 529 ರಲ್ಲಿ ಗಾಲ್ ದೇಶದ ಆರೆಂಜ್ ಪಟ್ಟಣದ ಸಭೆಯು, ನಂಬಿಕೆಯ ಮೊದಲ ಮೊಳಕೆಯೂ ಕೃಪೆಯ ಫಲವೆಂದು ನಿರ್ಣಯಿಸಿತು. ಆದರೆ ದೇವರು ಕೆಲವರನ್ನು ಕೆಟ್ಟತನಕ್ಕೇ ನೇಮಿಸಿರುವನೆಂಬ ಮಾತನ್ನೂ ತಿರಸ್ಕರಿಸಿತು. ಶಾಸ್ತ್ರದಲ್ಲಿ ದಾಯವೇ ಗೆದ್ದಿತು.

ಶಾಸ್ತ್ರದಲ್ಲಿ ಗೆದ್ದುದು ಸಂತೆಯಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ. ಮಧ್ಯಯುಗದಲ್ಲಿ ಪಾಪದ ಅಪರಾಧವು ಪಶ್ಚಾತ್ತಾಪದಿಂದಲೂ ಪಾಪನಿವೇದನೆಯಿಂದಲೂ ಕ್ಷಮಿಸಲ್ಪಟ್ಟರೂ ಅದಕ್ಕೆ ಸಲ್ಲಬೇಕಾದ ದಂಡವು ಉಳಿಯುವುದೆಂದೂ, ಅದನ್ನು ಇಲ್ಲಿ ಪ್ರಾಯಶ್ಚಿತ್ತದಿಂದಲಾಗಲಿ, ಮರಣಾನಂತರ ಶುದ್ಧೀಕರಣಸ್ಥಳದಲ್ಲಿಯಾಗಲಿ ತೀರಿಸಬೇಕೆಂದೂ ಸಭೆಯು ಬೋಧಿಸಿತು. ಕ್ರಿಸ್ತನ ಮತ್ತು ಸಂತರ ಪುಣ್ಯದ ಭಂಡಾರದಿಂದ ಈ ದಂಡಕ್ಕೆ ವಿನಾಯಿತಿಯನ್ನು ಕೊಡುವ ಅಧಿಕಾರವು ಸಭೆಗುಂಟೆಂದು 1343 ರಲ್ಲಿ ಆರನೆಯ ಕ್ಲೆಮೆಂಟ್ ಪೋಪನು ವಿಧಿಸಿದನು. 1476 ರಲ್ಲಿ ನಾಲ್ಕನೆಯ ಸಿಕ್ಸ್ಟಸನು ಅದನ್ನು ಸತ್ತವರ ಪರವಾಗಿಯೂ ಪಡೆಯಬಹುದೆಂದನು. 1515 ರಲ್ಲಿ ಹತ್ತನೆಯ ಲಿಯೋ ಪೋಪನು ರೋಮಿನ ಸಂತ ಪೇತ್ರನ ದೇವಾಲಯವನ್ನು ಕಟ್ಟಲು ಜರ್ಮನಿಯಲ್ಲಿ ಕ್ಷಮಾಪತ್ರಗಳನ್ನು ಹಂಚಲು ಅಪ್ಪಣೆಯಿತ್ತನು. ಬಂದ ಹಣದಲ್ಲಿ ಅರ್ಧವು ರೋಮಿಗೆ. ಉಳಿದರ್ಧವು ಮೈಂಜಿನ ಆರ್ಚ್‌ಬಿಷಪನಾದ ಆಲ್ಬ್ರೆಕ್ಟನು ತನ್ನ ಪದವಿಗಾಗಿ ಫುಗ್ಗರ್ ಸಾಹುಕಾರರಲ್ಲಿ ಮಾಡಿದ್ದ ಸಾಲಕ್ಕೆ. ಅರಸರಿಗೆ 25 ಚಿನ್ನದ ಗಿಲ್ಡರುಗಳೆಂದು ಮೊದಲಾಗಿ ಅಂತಸ್ತಿಗೆ ತಕ್ಕ ದರವನ್ನು ಗೊತ್ತುಮಾಡಿದ್ದರು. ಹಣವಿಲ್ಲದವರು ಪ್ರಾರ್ಥನೆ ಉಪವಾಸಗಳಿಂದ ಪಡೆಯಬಹುದೆಂಬ ಮಾತೂ ಆ ಸೂಚನೆಗಳಲ್ಲಿ ಇದ್ದುದನ್ನು ಮರೆಯಬಾರದು. ಆದರೆ ಸತ್ತ ತಾಯಿತಂದೆಗಳು ಬೆಂಕಿಯಲ್ಲಿ ನರಳುತ್ತಿರುವರೆಂಬ ಬೋಧನೆಯನ್ನು ಕೇಳಿದ ಬಡವನು ಶಾಸ್ತ್ರದ ಸೂಕ್ಷ್ಮವನ್ನು ವಿಚಾರಿಸುತ್ತ ನಿಲ್ಲುವನೇ? ಸಕ್ಸನಿಯ ದೊರೆಯು ತನ್ನ ನಾಡಿನಲ್ಲಿ ಈ ಹಂಚಿಕೆಯನ್ನು ತಡೆದಿದ್ದರೂ, ವಿಟ್ಟೆನ್‌ಬರ್ಗಿನ ಜನರು ಗಡಿಯನ್ನು ದಾಟಿಹೋಗಿ ಪತ್ರಗಳನ್ನು ಕೊಂಡುತಂದರು.

ಆ ಪತ್ರಗಳನ್ನು ಹಿಡಿದುಬಂದ ಜನರು ಪಾಪನಿವೇದನೆ ಮಾಡಬೇಕಾಗಿದ್ದುದು ಮಾರ್ಟಿನ್ ಲೂಥರನ ಬಳಿಯಲ್ಲಿ. 1505 ರಲ್ಲಿ ಮಠವನ್ನು ಸೇರಿದ ಈತನು ಉಪವಾಸ, ಜಾಗರಣೆ, ನಿವೇದನೆಗಳಲ್ಲಿ ಯಾರಿಗೂ ಕಡಮೆಯಾಗಿರಲಿಲ್ಲ. ಆದರೂ ಮಾಡಿದುದು ಸಾಕಾಯಿತೆಂಬ ನೆಮ್ಮದಿಯು ಆತನಿಗೆ ಒಂದು ದಿನವೂ ಬರಲಿಲ್ಲ. ರೋಮಿನವರ ಪತ್ರಿಕೆಯನ್ನು ವಿದ್ಯಾರ್ಥಿಗಳಿಗೆ ಪಾಠಹೇಳುತ್ತ ಮನನಮಾಡಿದಾಗ, ದೇವರ ನೀತಿಯೆಂದರೆ ದಂಡಿಸುವ ನೀತಿಯಲ್ಲ, ನಂಬಿದವನಿಗೆ ದಾನವಾಗಿ ಕೊಡುವ ನೀತಿಯೆಂಬ ಅರ್ಥವು ಆತನಿಗೆ ಹೊಳೆಯಿತು. 1517 ನೆಯ ಅಕ್ಟೋಬರ್ 31 ರಂದು ಆತನು ಆರ್ಚ್‌ಬಿಷಪನಿಗೆ ಕಳುಹಿಸಿದ 95 ಸೂತ್ರಗಳಲ್ಲಿ ಮೊದಲನೆಯದು, ಕ್ರೈಸ್ತನ ಇಡೀ ಬಾಳೇ ಪಶ್ಚಾತ್ತಾಪವಾಗಿರಬೇಕೆಂಬುದು. 1521 ರಲ್ಲಿ ಆತನಿಗೆ ಬಹಿಷ್ಕಾರವಾಯಿತು. ಮುಂದೆ ಪೌಲನ ಪತ್ರಿಕೆಯನ್ನು ಜರ್ಮನ್ ಭಾಷೆಗೆ ತಿರುಗಿಸುವಾಗ ಆತನು ನಂಬಿಕೆಯೊಡನೆ ‘ಒಂದರಿಂದಲೇ’ ಎಂಬರ್ಥದ ಪದವನ್ನು ಸೇರಿಸಿದನು. ಸತ್ಕ್ರಿಯೆಗಳು ಬೇಡವೆಂದು ಆತನು ಹೇಳಿದವನಲ್ಲ. ಹಣ್ಣು ಮರವನ್ನು ಒಳ್ಳೆಯದಾಗಿ ಮಾಡುವುದಿಲ್ಲ, ಒಳ್ಳೆಯ ಮರವು ಹಣ್ಣನ್ನು ಬಿಡುತ್ತದೆಯೆಂಬುದು ಆತನ ವಾದ.

ಈ ಒಡಕು ಕೂಡಿಹೋಗುವ ಒಂದು ಗಳಿಗೆಯು 1541 ರಲ್ಲಿ ಬಂದಿತ್ತು. ರೇಗನ್ಸ್‌ಬರ್ಗಿನಲ್ಲಿ ಪೋಪನ ಪ್ರತಿನಿಧಿಯಾದ ಕಾರ್ಡಿನಲ್ ಕೊಂಟಾರಿನಿಯ ಮೇಲ್ವಿಚಾರಣೆಯಲ್ಲಿ ಮೆಲಾಂಖ್ಟನ್ ಮೊದಲಾದ ಉಭಯಪಕ್ಷದ ಪಂಡಿತರು ಕುಳಿತು, ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವ ಬಗೆಯನ್ನು ಕುರಿತು ಒಂದೇ ಮಾತಿಗೆ ಬಂದರು. ಆದರೆ ಪ್ರಭುಭೋಜನವೇ ಮೊದಲಾದ ಬೇರೆ ವಿಷಯಗಳಲ್ಲಿ ಮಾತುಕತೆ ಮುರಿಯಿತು. ಆದ ಒಪ್ಪಂದವನ್ನು ರೋಮೂ ನೆಚ್ಚಲಿಲ್ಲ, ಲೂಥರನೂ ನೆಚ್ಚಲಿಲ್ಲ. ಆರು ವರ್ಷಗಳ ತರುವಾಯ, 1547 ನೆಯ ಜನವರಿ 13 ರಂದು, ಟ್ರೆಂಟಿನ ಮಹಾಸಭೆಯು ಈ ವಿಷಯವನ್ನು ಕುರಿತು 16 ಅಧ್ಯಾಯಗಳನ್ನೂ 33 ಖಂಡನಸೂತ್ರಗಳನ್ನೂ ಹೊರಡಿಸಿತು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಟ್ರೆಂಟಿನ ಹದಿನಾರನೆಯ ಅಧ್ಯಾಯವು ನಿತ್ಯಜೀವವನ್ನು ಮಕ್ಕಳಿಗೆ ವಾಗ್ದಾನವಾದ ಕೃಪೆಯೆಂದೂ ಸತ್ಕ್ರಿಯೆಗಳಿಗೆ ಸಲ್ಲುವ ಪ್ರತಿಫಲವೆಂದೂ ಎರಡು ಬಗೆಯಾಗಿಯೂ ಹೇಳಬಹುದೆಂದಿತು. ಆ ಸತ್ಕ್ರಿಯೆಗಳೂ ದೇವರ ವರಗಳೇ ಎಂಬ ಆಗಸ್ಟಿನನ ಭಾವವನ್ನು ಅದಕ್ಕೆ ಸೇರಿಸಿತು. ಲೂಥರನ ಪಕ್ಷದವರು 1531 ರಲ್ಲಿ ಪ್ರಕಟಿಸಿದ್ದ ಸಮರ್ಥನಗ್ರಂಥವಾದರೋ, ತಂದೆಯ ಸ್ವತ್ತು ಮಗನ ವಿಧೇಯತೆಗೆ ಪ್ರತಿಫಲವೆಂದು ಕರೆಯಲ್ಪಡಬಹುದಾದರೂ ಮಗನಿಗೆ ಅದು ದೊರೆಯುವುದು ಆತನು ಮಗನಾದುದರಿಂದಲೇ ಎಂದಿತ್ತು. ಈ ಎರಡು ಮಾತುಗಳ ನಡುವಣ ಅಂತರವು ಒಂದು ಕೂದಲೆಳೆಯಷ್ಟಲ್ಲವಾದರೂ, ಅದಕ್ಕಾಗಿ ಹರಿದ ರಕ್ತಕ್ಕೆ ಅದು ಎಂದಿಗೂ ಸಮನಲ್ಲ. ರಾಜ್ಯಕಾರಣವು ಮತದೊಡನೆ ಬೆರೆತು 1618 ರಿಂದ 1648 ರ ವರೆಗೆ ಮೂವತ್ತು ವರ್ಷ ಜರ್ಮನಿಯು ಹಾಳಾಯಿತು.

ಇದೇ ಪ್ರಶ್ನೆಯು ಕನ್ನಡನಾಡಿಗೂ ಬಂದಿತು. ಮಂಗಳೂರಿನಲ್ಲಿ ಪೋರ್ತುಗೀಸರ ಕಾಲದಿಂದ ಕಥೋಲಿಕರಿದ್ದರು. ಲೂಥರನ ಪರಂಪರೆಯಲ್ಲಿ ಬೆಳೆದ ಬಾಸೆಲ್ ಮಿಶನ್ನಿನವರು 1834 ರಲ್ಲಿ ಅಲ್ಲಿಗೆ ಬಂದರು. ಅದಕ್ಕೆ ಮುಂಚೆಯೇ ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸನ ದುಡಿಮೆಯಿಂದ 1831 ರಲ್ಲಿ ಇಡೀ ಬೈಬಲು ಕನ್ನಡವಾಗಿತ್ತು. ಕನ್ನಡ ಬೈಬಲಿನಲ್ಲಿ ನೆಲೆಗೊಂಡ ಮಾತು ‘ಮೋಕ್ಷ’ವಲ್ಲ, ‘ನಿತ್ಯಜೀವ’. ಅದಕ್ಕೆ ‘ಬಾಧ್ಯ’ನಾಗುವುದೆಂಬ ಆಸ್ತಿವ್ಯವಹಾರದ ಮಾತೂ ಅದರೊಡನೆ ಬಂದಿತು. ನಮ್ಮಲ್ಲಿ ಈ ಮಾತು ಬರಿಯ ಉಪಮೆಯಾಗಿ ಉಳಿಯಲಿಲ್ಲ. 1844 ರಲ್ಲಿ ಸಾರಸ್ವತ ಬ್ರಾಹ್ಮಣಕುಲದ ಆನಂದರಾವ್ ಕೌಂಡಿನ್ಯರು ಮಂಗಳೂರಿನಲ್ಲಿ ದೀಕ್ಷಾಸ್ನಾನವನ್ನು ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವಾಯಿತು. ಜಾತಿಯಿಂದ ಹೊರಬಿದ್ದವನಿಗೆ ಪಿತ್ರಾರ್ಜಿತದಲ್ಲಿ ಹಕ್ಕಿಲ್ಲವೆಂಬುದು ಆಗಿನ ಧರ್ಮಶಾಸ್ತ್ರದ ನಿಯಮವಾಗಿತ್ತು. 1850 ನೆಯ ಇಸವಿಯ 21 ನೆಯ ಶಾಸನವು ಬಂದ ಮೇಲೆಯೇ ಕಂಪೆನಿಯ ಸೀಮೆಯಲ್ಲಿ ಆ ನಿಯಮವನ್ನು ಕೋರ್ಟುಗಳು ಜಾರಿಮಾಡದಂತಾಯಿತು. ಪರಲೋಕದ ದಾಯವನ್ನು ನಂಬಿದವರು ಇಹದ ದಾಯವನ್ನು ಕಳೆದುಕೊಳ್ಳಲು ಸಿದ್ಧರಾಗಬೇಕಾಗಿತ್ತು. ಸುವಾರ್ತೆಯ ಧನಿಕನಿಗೆ ಎದುರಾದ ಕಷ್ಟವೇ ಇಲ್ಲಿಯೂ ಎದುರಾಯಿತೆನ್ನಬೇಕು.

ಈ ತರ್ಕವು ನಮ್ಮವರಿಗೆ ಅಪರಿಚಿತವಲ್ಲ. ತಾಯಿಯನ್ನು ತಾನೇ ಅವುಚಿಕೊಳ್ಳುವ ಮರಿಯ ಮರ್ಕಟಕಿಶೋರನ್ಯಾಯವನ್ನೂ, ತಾಯಿಯೇ ಕಚ್ಚಿಕೊಂಡುಹೋಗುವ ಮರಿಯ ಮಾರ್ಜಾಲಕಿಶೋರನ್ಯಾಯವನ್ನೂ ಶ್ರೀವೈಷ್ಣವರು ಬಹುಕಾಲದಿಂದ ಚರ್ಚಿಸಿದ್ದಾರೆ. ಜರ್ಮನಿಯ ಲೂಥರನ್ ಪಂಡಿತನಾದ ರುಡಾಲ್ಫ್ ಓಟ್ಟೋ 1930 ರಲ್ಲಿ ಭಾರತದ ಕೃಪಾಮಾರ್ಗವನ್ನೂ ಕ್ರೈಸ್ತಮತವನ್ನೂ ಹೋಲಿಸಿ ಗ್ರಂಥವನ್ನೇ ಬರೆದನು. ಹೋಲಿಕೆಯ ಜೊತೆಗೆ ಭೇದವನ್ನೂ ಆತನು ತೋರಿಸಿದ್ದಾನೆ.

ಯೂರೋಪಿನಲ್ಲಿ ಒಡೆದುದು ಕೂಡಲು ನಾಲ್ಕೂವರೆ ಶತಮಾನಗಳು ಹಿಡಿದುವು. 1999 ನೆಯ ಅಕ್ಟೋಬರ್ 31 ರಂದು ಆಗ್ಸ್‌ಬರ್ಗಿನಲ್ಲಿ ರೋಮನ್ ಕಥೋಲಿಕ ಸಭೆಯೂ ಲೂಥರನ್ ಲೋಕಸಂಘವೂ ಒಂದು ಸಂಯುಕ್ತ ಘೋಷಣೆಗೆ ರುಜುಹಾಕಿದುವು. ನಮ್ಮ ಅರ್ಹತೆಯಿಂದಲ್ಲ, ಕೃಪೆಯೊಂದರಿಂದಲೇ, ಕ್ರಿಸ್ತನಲ್ಲಿ ಇಟ್ಟ ನಂಬಿಕೆಯ ಮೂಲಕ ದೇವರು ನಮ್ಮನ್ನು ಸ್ವೀಕರಿಸುವನೆಂದೂ, ಆ ಕೃಪೆಯೇ ನಮ್ಮನ್ನು ಸತ್ಕ್ರಿಯೆಗೆ ಹಚ್ಚುವುದೆಂದೂ ಅದರ ತಾತ್ಪರ್ಯ. ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಈ ಬೋಧನೆಗೆ ತಗಲುವುದಿಲ್ಲವೆಂದೂ ಅದರಲ್ಲಿ ಒಪ್ಪಿದರು. 2006 ರಲ್ಲಿ ಮೆಥೊಡಿಸ್ಟರೂ 2017 ರಲ್ಲಿ ಕಾಲ್ವಿನನ ಪರಂಪರೆಯ ಸಭೆಗಳೂ ಇದಕ್ಕೆ ಸೇರಿದುವು. ಜರ್ಮನಿಯ ನೂರಕ್ಕೂ ಹೆಚ್ಚು ಮಂದಿ ಪಂಡಿತರು ಆಗಲೇ ಇದನ್ನು ಆಕ್ಷೇಪಿಸಿದ್ದುಂಟು. ಪ್ರಭುಭೋಜನದಲ್ಲಿ ಎರಡು ಸಭೆಗಳೂ ಇನ್ನೂ ಒಂದಾಗಿಲ್ಲ. ಆದರೂ ರೇಗನ್ಸ್‌ಬರ್ಗಿನಲ್ಲಿ ಕೈತಪ್ಪಿಹೋದುದು ಇಲ್ಲಿ ಕೈಗೆ ಬಂದಿತೆನ್ನಬಹುದು.

ಈ ದೀರ್ಘವಾದ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಿತ್ಯಜೀವವನ್ನು ಕೂಲಿಯೆಂದು ತಿಳಿದಾಗಲೆಲ್ಲ ಕ್ರೈಸ್ತಸಭೆಯಲ್ಲಿ ಬಲ್ಲಿದನಿಗೆ ಗರ್ವವೂ ಬಡವನಿಗೆ ಭಯವೂ ಹುಟ್ಟಿದುವು. ಕೊನೆಗೆ ಅದಕ್ಕೆ ದರವೂ ಗೊತ್ತಾಯಿತು. ಮಾಡಬೇಕಾದುದೇನೂ ಇಲ್ಲದ ದಾಯವೆಂದು ತಿಳಿದಾಗ ಯಾಕೋಬನ ಪತ್ರಿಕೆಯು ಎದ್ದುನಿಂತು ಎಚ್ಚರಿಸಿತು. ಮಗನು ಮನೆಯ ಕೆಲಸವನ್ನು ಮಾಡುವುದು ಸ್ವತ್ತನ್ನು ಗಳಿಸುವುದಕ್ಕಲ್ಲ, ಮನೆ ತನ್ನದಾದುದರಿಂದ: ಉಭಯಪಕ್ಷದ ಹಿರಿಯರೂ ಬೇರೆಬೇರೆ ಮಾತುಗಳಲ್ಲಿ ಹೇಳಬಯಸಿದುದು ಇದನ್ನೇ ಎಂದು ತೋರುತ್ತದೆ.