ಬಿಳಿಗಿರಿಯ ಶಾಲೆ, ಕಾಡಿನ ಲೆಕ್ಕ

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಬೆಟ್ಟ ಹತ್ತಿದ್ದು ವೈದ್ಯರಾಗಿ. ಆಸ್ಪತ್ರೆಯ ಜೊತೆಜೊತೆಗೇ ಬೆಟ್ಟದ ಆದಿವಾಸಿಗಳಾದ ಸೋಲಿಗರ ಮಕ್ಕಳಿಗೆ ಶಾಲೆ, ವಿದ್ಯಾರ್ಥಿನಿಲಯ, ಕಸುಬಿನ ತರಬೇತಿ ಬೆಳೆದವು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಹೊರಗಿನವರು ಈ ಬೆಟ್ಟದ ಕಡೆ ತಿರುಗಿ ನೋಡಿದರು.

ಪೋಡುಗಳಿಂದ, ಅಂದರೆ ಸೋಲಿಗರ ಹಾಡಿಗಳಿಂದ, ಬಂದ ಮಕ್ಕಳು ಅಕ್ಷರಕ್ಕೆ ಹೊಸಬರಾಗಿದ್ದರೇ ಹೊರತು ಅರಿವಿಗಲ್ಲ. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿಜೇನು ಎಲ್ಲೆಲ್ಲಿ ಕಟ್ಟುತ್ತವೆ, ನೆಲ್ಲಿ ಯಾವಾಗ ಬಲಿಯುತ್ತದೆ ಎಂಬುದನ್ನು ಅವರು ಅಪ್ಪ ಅವ್ವನ ಬೆನ್ನ ಹಿಂದೆ ನಡೆದೇ ಕಲಿತಿದ್ದರು. ಆ ತಿಳಿವಳಿಕೆಯನ್ನು ಕೀಳೆಣಿಸದೆ, ಗಿಡಮೂಲಿಕೆ ಮತ್ತು ಕಾಡಿನ ಸಂಸ್ಕೃತಿಗೆ ಪಾಠದಲ್ಲೇ ಜಾಗ ಕೊಟ್ಟದ್ದು ಈ ಶಾಲೆಯ ದೊಡ್ಡತನ.

1990ರ ದಶಕದಲ್ಲಿ ವಿಜ್ಞಾನಿಗಳು ಬಂದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ, ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಕಮಲ್‌ಜಿತ್ ಬಾವಾ ಮತ್ತು ಸಂಗಡಿಗರು ಕಿರು ಅರಣ್ಯ ಉತ್ಪನ್ನಗಳ ಅಧ್ಯಯನಕ್ಕೆ ಕೈಹಾಕಿದರು. 1996ರಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಹುಟ್ಟಿದ ಮೇಲೆ ಕೆಲಸ ಬೆಟ್ಟದಲ್ಲೇ ಬೇರೂರಿತು. ಓದು ಬಲ್ಲ ಸೋಲಿಗ ಯುವಕರು ಟೇಪು, ನೋಟ್‌ಬುಕ್ಕು ಹಿಡಿದು ಕ್ಷೇತ್ರ ಸಹಾಯಕರಾದರು.

ನೆಲ್ಲಿಯ ಲೆಕ್ಕ ಹೀಗೆ ನಡೆಯುತ್ತದೆ. ಕೊಯ್ಲಿಗೆ ಮೊದಲು ಒಂದಿಷ್ಟು ಮರಗಳನ್ನು ಗುರುತಿಸಿ, ಎದೆಮಟ್ಟದಲ್ಲಿ ಬೊಡ್ಡೆಯ ಸುತ್ತಳತೆ ತೆಗೆಯುತ್ತಾರೆ. ಕೆಲವು ಕೊಂಬೆಗಳ ಕಾಯಿ ಎಣಿಸಿ ಇಡೀ ಮರದ ಫಸಲನ್ನು ಅಂದಾಜಿಸುತ್ತಾರೆ. ಕೊಯ್ಲು ಮುಗಿದ ಮೇಲೆ ಎಷ್ಟು ಕಿತ್ತರು, ಮರದಲ್ಲಿ ಎಷ್ಟು ಉಳಿಯಿತು, ಕೊಂಬೆ ಕಡಿದರೇ ಎಂಬುದನ್ನು ಕೂತು ಮಾತಾಡುತ್ತಾರೆ. ಈ ಕ್ರಮವನ್ನು ಒರೆಗೆ ಹಚ್ಚಿದ ಪ್ರಬಂಧ 2008ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಶೋಧಕ ಸಿದ್ದಪ್ಪ ಸೆಟ್ಟಿ ಮೊದಲಾದವರೊಡನೆ ಅದರ ಲೇಖಕರಲ್ಲೊಬ್ಬರು ಸೋಲಿಗ ಸಮುದಾಯದವರೇ ಆದ ಸಿ. ಮಾದೇಗೌಡ. ಇಂಥ ಎಣಿಕೆ ಬೇರೆಡೆಯೂ ಉಂಟು: ಚೆನ್ನೈ ಕಡಲತೀರದಲ್ಲಿ 1988ರಿಂದ ವಿದ್ಯಾರ್ಥಿಗಳೇ ರಾತ್ರಿಯೆಲ್ಲ ನಡೆದು ಕಡಲಾಮೆಯ ಗೂಡು ಹುಡುಕಿ, ಮೊಟ್ಟೆ ಎಣಿಸಿ ಕಾಯುತ್ತ ಬಂದಿದ್ದಾರೆ. ಅಲ್ಲಿ ನಗರದ ಹುಡುಗರು ಕಡಲನ್ನು ಹೊಸದಾಗಿ ಕಲಿತರು. ಇಲ್ಲಿ ಕಾಡಿನ ಮಕ್ಕಳು ತಮಗೆ ಗೊತ್ತಿದ್ದುದನ್ನೇ ಅಂಕಿಗೆ ಇಳಿಸಿದರು.

ಈ ಅಂಕಿಗಿಂತ ಹಿರಿಯರ ಮಾತು ಮುಂದಿದ್ದ ಒಂದು ಸಂಗತಿ ಉಪ್ಪಿಲಿನದು. ಉಪ್ಪಿಲು ಎಂದರೆ ಬದನಿಕೆ. ಅದರ ಅಂಟುಹಣ್ಣನ್ನು ತಿಂದ ಹಕ್ಕಿ ಬೀಜವನ್ನು ಕೊಂಬೆಗೆ ಮೆತ್ತುತ್ತದೆ. ಬೀಜ ಮೊಳೆತು ತೊಗಟೆಯೊಳಗೆ ಬೇರಿಳಿಸಿ ನೆಲ್ಲಿಯ ರಸ ಹೀರುತ್ತದೆ. ಫಸಲು ಇಳಿಯುತ್ತದೆ, ಕೊನೆಗೆ ಕೊಂಬೆಯೇ ಒಣಗುತ್ತದೆ. ಹಿಂದೆ ಬೇಸಿಗೆಗೆ ಮುನ್ನ ಹಾಕುತ್ತಿದ್ದ ತರಗು ಬೆಂಕಿ (ಒಣ ಎಲೆಗೆ ಹಚ್ಚುವ ಸಣ್ಣ ಬೆಂಕಿ) ಉಪ್ಪಿಲನ್ನೂ ಲಂಟಾನ ಕಳೆಯನ್ನೂ ಹತೋಟಿಯಲ್ಲಿಟ್ಟಿತ್ತು, ಬೆಂಕಿ ನಿಂತ ಮೇಲೆ ಎರಡೂ ಹೆಚ್ಚಿದವು ಎಂದು ಸೋಲಿಗರು ಹೇಳುತ್ತಲೇ ಇದ್ದರು. 1974ರಲ್ಲಿ ವನ್ಯಜೀವಿ ಧಾಮವಾದ ಮೇಲೆ ಜಾಗ ಬದಲಿಸುತ್ತ ಮಾಡುವ ಕೊತ್ತುಕಾಡು ಬೇಸಾಯವೂ ತರಗು ಬೆಂಕಿಯೂ ನಿಂತಿದ್ದವು. 1997ರಲ್ಲಿ ಅಳೆದ ತಾಕುಗಳಲ್ಲಿ ಲಂಟಾನ ಇದ್ದದ್ದು ಐದರಲ್ಲಿ ಎರಡರಷ್ಟರಲ್ಲಿ. 2008ರ ಹೊತ್ತಿಗೆ ಐದರಲ್ಲಿ ನಾಲ್ಕರಷ್ಟರಲ್ಲಿ. ಆಮೇಲೆಯೇ ಹಿರಿಯರ ಮಾತು ಸಂಶೋಧನಾ ಪ್ರಬಂಧಗಳಲ್ಲಿ ಗಂಭೀರ ಚರ್ಚೆಗೆ ಬಂದದ್ದು. ತಡವಾಯಿತು ಎನ್ನದೆ ವಿಧಿಯಿಲ್ಲ.

ಮುಂದೆ ಅಳತೆಯ ಕೆಲಸ ನಕ್ಷೆಗೆ ಬಂತು. ಪ್ರತಿ ಕುಲಕ್ಕೂ ಅದರದೇ ಎಲ್ಲೆಯಿದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ ಎಂಬ ಪವಿತ್ರ ತಾಣಗಳಿವೆ. ಪೋಡಿನ ಹಿರಿಯರು ದಾರಿ ತೋರಿಸಿದರು, ಯುವಕರು ಜಿಪಿಎಸ್ ಹಿಡಿದು ನಡೆದರು, ಇಂಥ ನೂರಾರು ತಾಣಗಳು ಸೋಲಿಗರು ಕರೆಯುವ ಹೆಸರಿನಲ್ಲೇ ಕಾಗದಕ್ಕೆ ಬಂದವು. ಕಾಡಿನ ನಡುವಣ ದೊಡ್ಡ ಸಂಪಿಗೆ ಮರ ಪ್ರವಾಸಿಗರಿಗೆ ನೋಡುವ ಮರ. ಆ ನಕ್ಷೆಯಲ್ಲಿ ಅದು ಪೂಜೆಯ ಜಾಗ.

ಇನ್ನು ಹಕ್ಕಿನ ಮಾತು. 2011ರ ಆರಂಭದಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ, ಮರದ ಪಾಚಿ ಸಂಗ್ರಹಿಸುವ ಹಕ್ಕು ಅದರಲ್ಲಿ ಸೇರಿದೆ.