ಗಾಜಿನ ಬೀರುವಿನಿಂದ ಕಡಲಿಗೆ: ಹವಳದ ಪಾಠ ನಡೆದು ಬಂದ ದಾರಿ

ಕಾಲೇಜುಗಳ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಬೀರುವಿನಲ್ಲಿ ಹವಳದ ಬಿಳಿಯ ತುಂಡೊಂದನ್ನು ಇಡುವುದು ಹಳೆಯ ವಾಡಿಕೆ. ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಅದು ಕಲ್ಲೆಂದೇ ತೋರುತ್ತದೆ. ಆದರೆ ಅದು ಬರೀ ಅಸ್ಥಿಪಂಜರ. ಅದನ್ನು ಕಟ್ಟಿದ ಮೆತ್ತನೆಯ ಪಾಲಿಪ್‌ಗಳೂ ಅಲ್ಲಿಲ್ಲ, ಅವುಗಳ ಮೈಯೊಳಗೇ ಇದ್ದು ಬಿಸಿಲಿನಿಂದ ಆಹಾರ ತಯಾರಿಸಿಕೊಡುವ ಸೂಕ್ಷ್ಮ ಪಾಚಿಯೂ ಇಲ್ಲ. ಇಂಥ ಮೆತ್ತನೆಯ ಕಡಲಜೀವಿಗಳನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟರೂ ಮೈ ಮುದುಡಿ ಬಣ್ಣ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಅಧ್ಯಾಪಕರಿಗೆ ಇದೇ ದೊಡ್ಡ ತಲೆನೋವಾಗಿತ್ತು.

ಅದಕ್ಕೆ ಮದ್ದು ಸಿಕ್ಕಿದ್ದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಗಾಜಿನ ಕುಶಲಕರ್ಮಿ ಲಿಯೋಪೋಲ್ಡ್ ಬ್ಲಾಷ್ಕಾ 1863ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯಕ್ಕಾಗಿ ಹವಳದ ಹತ್ತಿರದ ಸಂಬಂಧಿಯಾದ ಸೀ ಅನಿಮೋನ್‌ಗಳನ್ನು ಗಾಜಿನಲ್ಲಿ ರೂಪಿಸಿದ. ಮುಂದೆ ಮಗ ರುಡಾಲ್ಫ್ ಜೊತೆಗೂಡಿದ. ಉರಿಯಲ್ಲಿ ಗಾಜು ಕರಗಿಸಿ, ಒಂದೊಂದೇ ಎಳೆ ಕೂಡಿಸಿ, ಬಣ್ಣ ಹಚ್ಚಿದ ಈ ಮಾದರಿಗಳು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರೆಗೂ ಹೋದವು. ಜೀವಿಯ ರೂಪವೇನೋ ಕಣ್ಣಿಗೆ ಬಿತ್ತು. ಅದರ ಊರು ಕಾಣಲಿಲ್ಲ.

ಊರನ್ನೇ ಎತ್ತಿ ತಂದದ್ದು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ. ರಾಯ್ ವಾಲ್ಡೊ ಮೈನರ್ ಅವರ ತಂಡ 1924ರಲ್ಲಿ ಬಹಾಮಾಸ್‌ನ ಆ್ಯಂಡ್ರೋಸ್ ದ್ವೀಪದ ಬಳಿಯಿಂದ ಸುಮಾರು 40 ಟನ್ ಹವಳವನ್ನು ಹೊತ್ತು ತಂದಿತು. ಎರಡು ಅಂತಸ್ತಿನ ಆ ಪ್ರದರ್ಶನ 1935ರಲ್ಲಿ ತೆರೆಯಿತು. ನೀರಿನ ಮೇಲೆ ದ್ವೀಪ, ಕೆಳಗೆ ಮೀನುಗಳು ಸುಳಿಯುವ ಹವಳದ ಕಾಡು. ಹವಳದ ದಿಬ್ಬವನ್ನು ಪರಿಚಯಿಸಲು ದಿಬ್ಬವನ್ನೇ ಕಡಿದದ್ದು ಆ ಕಾಲಕ್ಕೆ ತಪ್ಪೆನಿಸಿರಲಿಲ್ಲ.

ಭಾರತದಲ್ಲಿ ಹವಳದ ಅಧ್ಯಯನಕ್ಕೆ ತಮಿಳುನಾಡಿನ ಮಂಡಪಂ ಕೇಂದ್ರವಾಯಿತು. ಮನ್ನಾರ್ ಖಾರಿಯ ದಿಬ್ಬಗಳು ಅಲ್ಲಿಗೆ ಹತ್ತಿರ. ಹವಳದ ದಿಬ್ಬಗಳ ಕುರಿತ ಮೊದಲ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆದದ್ದೂ ಅಲ್ಲೇ, 1969ರಲ್ಲಿ. ಅದೇ ಖಾರಿಯಲ್ಲಿ ಸುಣ್ಣಕ್ಕಾಗಿ, ಕಾರ್ಖಾನೆಗಳಿಗಾಗಿ ಹವಳ ಕೀಳುವ ದಂಧೆಯೂ ಜೋರಾಗಿತ್ತು. ಕೊನೆಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಬೀರುವಿಗೆ ಹೊಸ ತುಂಡು ತರುವ ಕಾಲ ಮುಗಿಯಿತು.

ಆಮೇಲೆ ಬಂದ ಸಾಧನಗಳು ಹವಳವನ್ನು ಮುಟ್ಟುವುದೇ ಇಲ್ಲ. ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಸೋದರಿಯರು 2005ರಲ್ಲಿ ಕ್ರೋಶೆ ಕಡ್ಡಿ, ಉಲ್ಲನ್ ಹಿಡಿದು ಹವಳದ ದಿಬ್ಬ ಹೆಣೆಯತೊಡಗಿದರು. ಸಾಲಿನಿಂದ ಸಾಲಿಗೆ ಹೊಲಿಗೆ ಹೆಚ್ಚಿಸುತ್ತ ಹೋದರೆ ಹೆಣಿಗೆ ತಾನಾಗಿ ನೆರಿಗೆಗಟ್ಟುತ್ತದೆ. ಹವಳದ ಜೊತೆಗೆ ಇಂಥ ಬಾಗಿದ ಮೈಗಳ ರೇಖಾಗಣಿತವನ್ನೂ ಕಲಿತಂತಾಯಿತು.

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆ 2002ರಿಂದ ಹಂಚುತ್ತಿರುವ ಬಣ್ಣದ ಪಟ್ಟಿ ಇನ್ನೂ ಸರಳ. ಹವಳದ ಅತಿ ತಿಳಿಯಾದ ಜಾಗ, ಅತಿ ಗಾಢವಾದ ಜಾಗ ಎರಡರ ಪಕ್ಕದಲ್ಲೂ ಪಟ್ಟಿ ಹಿಡಿದು 1ರಿಂದ 6ರೊಳಗಿನ ಅಂಕೆ ಬರೆದುಕೊಂಡರೆ ಸಾಕು. ನೀರು ಕಾದಾಗ ಹವಳ ತನ್ನ ಪಾಚಿಯನ್ನು ಹೊರದೂಡಿ ಬಿಳಚಿಕೊಳ್ಳುತ್ತದೆ, ಅಂಕೆ ಇಳಿಯುತ್ತದೆ. ಗಾಜಿನ ಮಾದರಿಯೂ ಮ್ಯೂಸಿಯಂ ದಿಬ್ಬವೂ ಹೇಳಲಾಗದಿದ್ದ ಮಾತನ್ನು, ಅಂದರೆ ದಿಬ್ಬದ ಈ ಹೊತ್ತಿನ ಆರೋಗ್ಯವನ್ನು, ಈ ಅಂಕೆ ಹೇಳುತ್ತದೆ.

ಕರ್ನಾಟಕಕ್ಕೂ ಹವಳವಿದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್‌ಗೆ ಇಳಿಯುವವರು ಇಂಥ ಪಟ್ಟಿಯೊಂದನ್ನು ಒಯ್ದು, ಬರೆದುಕೊಂಡ ಅಂಕೆಗಳನ್ನು ಭಟ್ಕಳ, ಹೊನ್ನಾವರದ ಶಾಲೆಗಳಿಗೆ ಕೊಡಲಿ. ಅಲ್ಲಿನ ಮಕ್ಕಳು ಹವಳದ ಪಾಠವನ್ನು ತಮ್ಮದೇ ಕಡಲಿನಿಂದ ಶುರುಮಾಡಬಹುದು.